ಇನ್ನೊಂದು ಹುಕ್ಕು

ಚಿಕ್ಕಮ್ಮ ಹಳೆಯ ಪ್ಯಾಂಟಿನ ಹೊಲಿಗೆ ಬಿಚ್ಚುತ್ತಿದ್ದಳು. ಅಕ್ಕನ ಮಗಳು ಎದುರಿಗೆ ಕೂತು, ಕಿತ್ತ ದಾರದ ಚೂರುಗಳನ್ನು ಆರಿಸುತ್ತಿದ್ದಳು. ಇನ್ನು ಸ್ವಲ್ಪ ಹೊತ್ತಿಗೆ ಮಾವ ಬರುತ್ತಾನೆ. ದಿನಾ ಸಂಜೆ ತನ್ನ ಮನೆಗೆ ಕರೆದೊಯ್ದು ಲೆಕ್ಕ ಹೇಳಿಕೊಡುವವನು ಅವನೇ.

ಹುಡುಗಿ ಚೀಲದಿಂದ ಶಾಲೆಯ ಸ್ಕರ್ಟು ತೆಗೆದು ಮೇಜಿನ ಮೇಲಿಟ್ಟಳು. "ಇದಕ್ಕೆ ಇನ್ನೊಂದು ಹುಕ್ಕು ಹಾಕ್ತೀಯಾ?"

"ಮತ್ತೆ ಇದೇನಾ? ಹೋದ ತಿಂಗಳು ಜಿಪ್ ಬದಲಾಯಿಸಿದೆ, ಮೊನ್ನೆ ಹುಕ್ಕು ಹಾಕಿದೆ. ಇದೇನು ಸ್ಕರ್ಟೋ ಖಜಾನೆಯೋ? ಬೀಗಾನೇ ಹಾಕಿಬಿಡ್ತೀನಿ ತಾಳು!"

ಹುಡುಗಿ ನಗಲಿಲ್ಲ. "ಹಾಕೋಕಾಗತ್ತಾ?"

ಹೊಲಿಗೆಗೆ ಬರುವ ಗಿರಾಕಿಗಳ ದೂರು ಕೇಳಿ ಕೇಳಿ ಚಿಕ್ಕಮ್ಮನಿಗೆ ಬಟ್ಟೆಯಲ್ಲೇ ತಪ್ಪು ಹುಡುಕುವ ಅಭ್ಯಾಸ. ಸೊಂಟ ಸಡಿಲವೇ, ಹುಕ್ಕು ಕಿತ್ತಿದೆಯೇ ಎಂದು ತಿರುವಿ ನೋಡಿದಳು. ಎಲ್ಲ ಸರಿಯಾಗಿತ್ತು.

"ಯಾಕೆ ಪುಟ್ಟಿ?"

"ಮಾವ ಲೆಕ್ಕ ಹೇಳಿಕೊಡುವಾಗ ಕೈ ಹಾಕ್ತಾನೆ. ಬೇಡ ಅಂದ್ರೂ ಬಿಡಲ್ಲ."

ಮಾವನೆಂದರೆ ಚಿಕ್ಕಮ್ಮನ ಒಡಹುಟ್ಟಿದ ಅಣ್ಣ. ಚಿಕ್ಕಂದಿನಲ್ಲಿ ಅವಳನ್ನು ಸೈಕಲ್ ಮೇಲೆ ಕೂರಿಸಿಕೊಂಡು ಬೀದಿಯೆಲ್ಲ ಸುತ್ತಿಸಿದವನು.

"ಅವನು ತಮಾಷೆಗೇನಾದ್ರೂ..."

ಹುಡುಗಿ ಸ್ಕರ್ಟನ್ನು ಎಳೆದುಕೊಂಡು ಬೇಗ ಬೇಗ ಮಡಚತೊಡಗಿದಳು. ಚಿಕ್ಕಮ್ಮ ಕೈಯಲ್ಲಿದ್ದ ಪ್ಯಾಂಟು ಬದಿಗಿಟ್ಟಳು.

"ಇಲ್ಲ ಪುಟ್ಟಿ. ನಾನು ಹಾಗನ್ನಬಾರದಿತ್ತು. ನೀನು ಹೇಳಿದ್ದು ನಂಬ್ತೀನಿ."

"ನಾನೇನಾದ್ರೂ ತಪ್ಪು ಮಾಡಿದ್ನಾ?"

"ನೀನೇನೂ ಮಾಡಿಲ್ಲ. ಹೇಳಿದ್ದು ಒಳ್ಳೇದಾಯ್ತು."

"ಅಮ್ಮಂಗೆ ಹೇಳಬೇಡ."

ಹೂಂ ಎನ್ನುವುದು ಚಿಕ್ಕಮ್ಮನ ನಾಲಿಗೆಯ ತುದಿಗೆ ಬಂದಿತ್ತು. "ಹಾಗಂತ ಮಾತು ಕೊಡೋಕಾಗಲ್ಲ ಕಂದಾ. ಇದು ನಿಲ್ಲಬೇಕಲ್ಲ. ಆದ್ರೆ ನಿನಗೆ ಗೊತ್ತಿಲ್ಲದೆ ಯಾರಿಗೂ ಹೇಳಲ್ಲ."

ಹುಡುಗಿ ಮಡಚಿದ ಸ್ಕರ್ಟನ್ನು ಚೀಲಕ್ಕೆ ತುರುಕಿದಳು. "ಹಾಗಾದ್ರೆ ನೀನೇ ಹೇಳು. ನಾನಿಲ್ಲೇ ಇರ್ತೀನಿ."

ಕೆಲಸ ಮುಗಿಸಿ ಬಂದ ಅಕ್ಕ ಚಪ್ಪಲಿ ಬಿಡುವುದನ್ನೂ ಮರೆತು ನಿಂತು, ತಂಗಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

"ಅಣ್ಣಾನಾ? ತಲೆ ಕೆಟ್ಟಿದೆಯೇನೇ ನಿಂಗೆ? ಲೆಕ್ಕ ತಪ್ಪಿಸೋಕೆ ಇವಳೇನೋ ನೆಪ ಹೇಳಿದ್ರೆ..."

"ನೆಪ ಬೇಕಿದ್ರೆ ಹೊಟ್ಟೆನೋವು ಅಂತಿದ್ಳು ಅಕ್ಕ. ಮೂರು ಸಲ ಸ್ಕರ್ಟ್ ತಂದಳು. ನಾನು ಸ್ಕರ್ಟ್ ನೋಡಿದೆ, ಇವಳ ಮುಖ ನೋಡಲಿಲ್ಲ."

"ಅಮ್ಮಂಗೆ ಏನು ಹೇಳ್ಲಿ? ಅತ್ತಿಗೆಗೆ? ನಂಗೇನೂ ತೋಚ್ತಿಲ್ಲ ಕಣೇ."

"ನಂಗೂ ತೋಚ್ತಿಲ್ಲ. ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿ ಕೇಳೋಣ. ಇವತ್ತಿಂದ ಇವಳನ್ನ ಕಳಿಸಲೇಬೇಡ."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಅಭ್ಯಾಸಬಲದಿಂದ ಅಕ್ಕ ಎರಡು ಹೆಜ್ಜೆ ಇಟ್ಟಳು. ಮತ್ತೆ ನಿಂತಳು. ಬಾಗಿಲನ್ನೂ ಮಗಳನ್ನೂ ದಿಕ್ಕು ತೋಚದವಳಂತೆ ನೋಡಿದಳು. ಆಮೇಲೆ ಹಿಂದಿರುಗಿ, ನೆಲದ ಮೇಲೆ, ಮಗಳ ಮೈಗೆ ಮೈ ತಾಗುವಂತೆ ಕುಳಿತಳು.

"ಏನ್ರೇ, ಎಲ್ಲಾ ಮಲಗಿಬಿಟ್ರಾ?" ಹೊರಗಿನಿಂದ ಅಣ್ಣನ ನಗುವಿನ ದನಿ. "ಪುಟ್ಟಿನ ಕಳಿಸ್ರೇ, ಹೊತ್ತಾಯ್ತು."

ಚಿಕ್ಕಮ್ಮ ಎದ್ದು ಬಾಗಿಲ ಮೇಲಿನ ಇನ್ನೊಂದು ಚಿಲಕವನ್ನೂ ಹಾಕಿದಳು.