ಸೂರಿನ ದೋಣಿ ಆರಿಸಿದ್ದು ಯಾರು

ಅಂಗಡಿಯಲ್ಲಿ ಇದ್ದದ್ದು ಎರಡೇ ಬಗೆಯ ದೋಣಿ. ಒಂದು ಅಗಲ, ಆಳ, ಬೂದು ಬಣ್ಣದ ತಗಡಿನದು, ನೋಡಲು ಥೇಟ್ ದನಕ್ಕೆ ನೀರಿಡುವ ತೊಟ್ಟಿ. ಇನ್ನೊಂದು ಕಿರಿದು, ಕೆನೆ ಬಣ್ಣದ್ದು, ಅಂಚಿನುದ್ದಕ್ಕೂ ಬಳ್ಳಿಯ ಕೆತ್ತನೆ. ಮಾಡಿನಿಂದ ಇಳಿಯುವ ಮಳೆನೀರನ್ನು ಸೂರಿನಂಚಿನಲ್ಲೇ ಹಿಡಿದು ಮೂಲೆಯ ಪೈಪಿಗೆ ಸಾಗಿಸುವುದು, ಇಷ್ಟೇ ತಾನೆ ದೋಣಿಯ ಕೆಲಸ? ಇದಕ್ಕೆ ಬಳ್ಳಿ ಯಾಕೆ ಎಂದು ಹೊಲಿಗೆಯವಳು ಕೇಳಿದಳು. ಯಾರ ಕಿವಿಗೆ ಬೀಳಬೇಕು ಅದು? ಅವಳ ಗಂಡ ಆಗಲೇ ಬಳ್ಳಿಯ ಮೇಲೆ ಬೆರಳಾಡಿಸುತ್ತ ಮೈಮರೆತಿದ್ದ.

ಗಂಡನ ಕಸುಬು ಫೋಟೋಗಳಿಗೆ, ಕನ್ನಡಿಗಳಿಗೆ ಚೌಕಟ್ಟು ಹಾಕುವುದು. ಗೋಡೆಯ ಮೇಲಿನ ಪಟ ಕೂದಲೆಳೆಯಷ್ಟು ಓರೆಯಾಗಿದ್ದರೂ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಕಂಡವರ ಮನೆಗೆ ಹೋದರೂ ಅಷ್ಟೇ, ಮೊದಲು ಅವರ ಪಟಗಳನ್ನೆಲ್ಲ ನೆಟ್ಟಗೆ ಮಾಡಿ ಆಮೇಲೆ ಕೂರುವ ಗಿರಾಕಿ. ಬೀದಿಯವರು ಅವನಿಗೆ ಮಟ್ಟಸ ಅಂತ ಅಡ್ಡಹೆಸರಿಟ್ಟಿದ್ದರು. ಪುಣ್ಯಾತ್ಮ ಅದನ್ನು ಬಿರುದು ಅಂತಲೇ ತಿಳಿದುಕೊಂಡಿದ್ದ.

ದೋಣಿ ಬೇಕೆಂದು ಗಂಟುಬಿದ್ದವಳು ಮಾತ್ರ ಅವಳೇ. ಬೀದಿ ಕಡೆಯ ಕೋಣೆ ಅವಳದು. ಕಿಟಕಿಯ ಬೆಳಕಿಗೆ ಹೊಲಿಗೆ ಮಿಷನ್ನು, ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಮೇಜು, ಗಿರಾಕಿಗಳು ಅಳತೆ ಕೊಡಲು ನಿಲ್ಲುವಷ್ಟು ಜಾಗ. ಹೋದ ಮಳೆಗಾಲದಲ್ಲಿ ಸೂರಿನ ನೀರು ಗೋಡೆಗೇ ಬಡಿದು, ಗೋಡೆಯೆಲ್ಲ ನೆನೆದು, ಕಪಾಟಿನ ಬಟ್ಟೆಗಳಿಗೆ ಬೂಷ್ಟು ಬಂದಿತ್ತು. ಕೈಯಲ್ಲಿ ಮೂಗು ಮುಚ್ಚಿಕೊಂಡೇ ಅಳತೆ ಕೊಟ್ಟು ಹೋದವರು ಮತ್ತೆ ಈ ಕಡೆ ತಲೆಹಾಕಲಿಲ್ಲ. ಇನ್ನೊಂದು ಸಲ ಹಾಗಾದರೆ ಕೋಣೆಯೂ ಹೋಯಿತು, ಕೆಲಸವೂ ಹೋಯಿತು. ಇದನ್ನು ಗಂಡನಿಗೆ ಹೇಳಿ ಹೇಳಿ ಅವಳ ಬಾಯಿ ನೊಂದಿತ್ತು.

"ಅಗಲದ್ದೇ ತಗೊಳ್ಳೋಣ ರೀ. ನಮ್ಮ ಮಾಡು ದೊಡ್ಡದು, ನೀರು ಧಾರಾಳ ಬರತ್ತೆ" ಎಂದಳು.

"ಮನೆ ಮುಖಕ್ಕೆ ತೊಟ್ಟಿ ನೇತುಹಾಕ್ಲಾ? ಇದು ನೋಡು, ಇಡೀ ಮನೆಗೇ ಫ್ರೇಮ್ ಹಾಕ್ದಂಗಿರತ್ತೆ."

ಬಳ್ಳಿಯೇ ಬಂತು. ಕೆಲಸದವರನ್ನು ಕರೆಸುವ ಮಾತೇ ಇಲ್ಲ, ತಾನೇ ಏಣಿ ಹತ್ತಿದ. ಪೈಪಿನ ಕಡೆಗೆ ಸ್ವಲ್ಪ ಇಳಿಜಾರು ಕೊಡಿ, ಇಲ್ಲದಿದ್ದರೆ ನೀರು ಎತ್ತ ಹೋಗಬೇಕು ಎಂದು ಅವಳು ಕೆಳಗಿನಿಂದ ಕೂಗಿ ಹೇಳಿದಳು. ಅವನಿಗೆ ಅದು ಬೈಗುಳದಂತೆ ಕೇಳಿಸಿತು. ತನ್ನ ಕೈಯಲ್ಲಿ ಓರೆ ಕೆಲಸವೇ? ಅದೂ ಸ್ವಂತ ಮನೆಗೆ, ಅದೂ ಬೀದಿಗೆ ಕಾಣುವ ಹಾಗೆ? ರಸಮಟ್ಟವಿಟ್ಟು, ಅದರ ಗುಳ್ಳೆ ನಟ್ಟನಡುವೆ ನಿಲ್ಲುವ ತನಕ ತಿರುಪುಗಳನ್ನು ಬಿಗಿದು, ಸಡಿಲಿಸಿ, ಮತ್ತೆ ಬಿಗಿದು ಸಂಜೆ ಮಾಡಿದ. ಬೀದಿಯ ಆಚೆ ಹೋಗಿ ನಿಂತು ಒಂದು ಕಣ್ಣು ಮುಚ್ಚಿ ನೋಡಿದ. ಎದುರುಮನೆ ಮೇಷ್ಟ್ರು ಬಂದು ಭೇಷ್ ಅಂದರು. ಎಲ್ಲ ತನ್ನದೇ ಆಯ್ಕೆ, ತನ್ನದೇ ಕೈಕೆಲಸ ಎಂದು ಅವನು ಬೀಗಿದ. ಅವಳು ಏಣಿ ಎತ್ತಿ ಹಿತ್ತಲಿಗಿಟ್ಟಳು.

ಮೊದಲ ದೊಡ್ಡ ಮಳೆ ಮಧ್ಯಾಹ್ನ ಬಂತು. ಆ ಕಿರಿದಾದ ದೋಣಿಗೆ ಬಿದ್ದ ನೀರು ಅತ್ತಲೂ ಹರಿಯದೆ ಇತ್ತಲೂ ಹರಿಯದೆ ಅಲ್ಲೇ ನಿಂತು, ತುಂಬಿ, ಹಿಂಬದಿಯಿಂದ ಗೋಡೆಗಿಳಿಯಿತು. ಎಲ್ಲಿ ಅಂದುಕೊಂಡಿರಿ? ಸರಿಯಾಗಿ ಅವಳ ಕಿಟಕಿಯ ಮೇಲೆ. ಮೇಜಿನ ಮೇಲೆ ಗಿರಾಕಿಯೊಬ್ಬರ ಬಿಳಿ ಕೋಟು ಅಸ್ತರು ಬಿಚ್ಚಿಕೊಂಡು ಮಲಗಿತ್ತು. ಅವಳು ಎಳೆದುಕೊಳ್ಳುವಷ್ಟರಲ್ಲಿ ಕಿಟಕಿಯಿಂದ ಒಳಗೆ ಚಿಮ್ಮಿದ ಗೋಡೆಯ ಮಣ್ಣುನೀರು ಅದರ ಬೆನ್ನ ಮೇಲೆ ಹಳದಿ ಮಚ್ಚೆ ಬಿಡಿಸಿತ್ತು. ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಅತ್ತೇಬಿಟ್ಟಳು.

ಗಂಡ ಬಂದು ನೋಡಿದ. ಗೋಡೆ ನೋಡಿದ, ನೆಲ ನೋಡಿದ, ಕೋಟನ್ನೂ ನೋಡಿದ. ತಲೆಯೆತ್ತಿ ಮೇಲೆ ಮಾತ್ರ ನೋಡಲಿಲ್ಲ. ಕೊನೆಗೆ ಅವನ ಬಾಯಿಂದ ಬಂದ ಮಾತೇನು ಗೊತ್ತೆ? ಮಿಷನ್ನನ್ನು ಅಡುಗೆಮನೆ ಪಕ್ಕದ ಓಣಿಯಂಥ ಸಂದಿಗೆ ಸಾಗಿಸಿದರಾಯಿತಂತೆ. ಅಲ್ಲಿ ಬೆಚ್ಚಗೂ ಇರುತ್ತದೆ ಎಂದು ಮಗನ ಹಿಂದೆಯೇ ಬಂದಿದ್ದ ಅತ್ತೆ ದನಿಗೂಡಿಸಿದರು. ಬೆಚ್ಚಗಂತೆ! ಕಿಟಕಿಯಿಲ್ಲದ, ಹಗಲಲ್ಲೂ ದೀಪ ಬೇಕಾದ, ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದ ಜಾಗ. ಹೊರಗಿನ ಗಿರಾಕಿ ಯಾರು ಅಡುಗೆಮನೆ ದಾಟಿ ಬಂದು ಅಳತೆ ಕೊಡುತ್ತಾರೆ? ನಾಲ್ಕು ತಿರುಪಿನಲ್ಲಿ ನೇತಾಡುವ ತಗಡನ್ನು ಅಲುಗಿಸಬಾರದು, ಇಷ್ಟು ವರ್ಷ ಬೆನ್ನು ಬಗ್ಗಿಸಿ ದುಡಿದ ಹೆಂಗಸನ್ನು ಮಾತ್ರ ಮಿಷನ್ನಿನ ಸಮೇತ ಎತ್ತಿ ಕತ್ತಲಿಗಿಡಬಹುದು. ಇದ್ಯಾವ ಸೀಮೆ ನ್ಯಾಯ?

ಆಗಲೂ ಅವಳು ಹಲ್ಲು ಕಚ್ಚಿ ಸಹಿಸಿಕೊಂಡಳು. ಸಹನೆ ತೀರಿದ್ದು ಮರುದಿನ ಬೆಳಿಗ್ಗೆ. ಕಿಟಕಿಯ ಹತ್ತಿರ ಕೋಟಿನ ಮಚ್ಚೆ ತಿಕ್ಕುತ್ತ ಕೂತಿದ್ದಳು. ಗೇಟಿನ ಬಳಿ ಮೇಷ್ಟ್ರು, ಏನಪ್ಪಾ ನಿನ್ನೆ ನೀರೆಲ್ಲ ಗೋಡೆ ಮೇಲೇ ಸುರಿಯುತ್ತಿತ್ತಲ್ಲ ಎಂದು ಕೇಳಿದರು. ಗಂಡನ ಉತ್ತರ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

"ಏನ್ ಮಾಡ್ಲಿ ಮೇಷ್ಟ್ರೇ, ದೋಣಿ ಬೇಕೇ ಬೇಕು ಅಂತ ನಮ್ಮನೆಯವಳು ಹಟ ಹಿಡಿದ್ಲು. ಅವಳ ಮಾತು ಕೇಳಿ ಹಾಕ್ದೆ, ಅನುಭವಿಸ್ತಾ ಇದೀನಿ."

ಅವಳ ಪಿತ್ತ ನೆತ್ತಿಗೇರಿತು. ಹೊಗಳಿದಾಗ ಅವನ ಆಯ್ಕೆ, ಸೋರಿದಾಗ ಅವಳ ಹಟ! ಕೋಟನ್ನು ಪಕ್ಕಕ್ಕಿಟ್ಟು, ಹಿತ್ತಲಿನ ಏಣಿಯನ್ನು ದರದರ ಎಳೆದು ತಂದು ಗೋಡೆಗೊರಗಿಸಿ, ತಿರುಪುಳಿ ಹಿಡಿದು ಹತ್ತಿಯೇಬಿಟ್ಟಳು. ಒಂದು ತಿರುಪು ಕೆಳಗೆ ಬಿತ್ತು, ಇನ್ನೊಂದೂ ಬಿತ್ತು. ಬಳ್ಳಿ ದೋಣಿಯ ಒಂದು ತುದಿ ಜಗ್ಗಿ, ಅದರಲ್ಲಿ ನಿಂತಿದ್ದ ನಿನ್ನೆಯ ನೀರು ಗೇಟಿನ ತನಕ ಸುರಿಯಿತು. ದಾರಿಹೋಕರು ನಿಂತರು. ಅತ್ತೆ ಹೊಸ್ತಿಲಿಗೆ ಬಂದರು.

"ಇಳಿಯೇ, ಜನ ನೋಡ್ತಿದಾರೆ" ಎಂದ ಗಂಡ, ಹಲ್ಲಿನ ಸಂದಿಯಿಂದ.

"ನೋಡ್ಲಿ ಅಂತಾನೇ ಹತ್ತಿದ್ದು. ಇದನ್ನ ಆರಿಸಿದ್ದು ಯಾರು ಅಂತ ಮೇಷ್ಟ್ರಿಗೆ ಹೇಳಿ. ಹೇಳೋ ತನಕ ನಾನು ಇಳಿಯಲ್ಲ."

ಅವನು ಏಣಿಯ ಬುಡಕ್ಕೆ ಬಂದ. ಒಳಗೆ ಹೋಗಿ ಮಾತಾಡೋಣ ಎಂದ. ಅವಳು ಮೂರನೆಯ ತಿರುಪಿಗೆ ಕೈಹಾಕಿದಳು.

"ನಾನೇ ಆರಿಸಿದ್ದು ಮೇಷ್ಟ್ರೇ. ಅವಳು ಅಗಲದ್ದು ಅಂದ್ಲು, ಇಳಿಜಾರು ಕೊಡಿ ಅಂದ್ಲು. ನಾನೇ ಕೇಳಲಿಲ್ಲ."

ಮೇಷ್ಟ್ರು ಕೆಮ್ಮಿ ಆಕಾಶ ನೋಡಿದರು. ಅವಳು ಉಳಿದ ತಿರುಪುಗಳನ್ನೂ ಬಿಚ್ಚಿಯೇ ಇಳಿದಳು.

ಅಗಲದ ದೋಣಿಯನ್ನು ಅವಳೇ ಹೋಗಿ ತಂದಳು. ಕಟ್ಟಿದವನು ಗಂಡನೇ. ಅವಳು ತೋರಿಸಿದ ಕಡೆಗೆ ಇಳಿಜಾರು ಕೊಡುವಾಗ ಹಲ್ಲು ಕೀಳಿಸಿಕೊಳ್ಳುವವನ ಮುಖ ಮಾಡಿದ್ದ. ಓರೆ ಬೀದಿಗೆಲ್ಲ ಕಾಣುತ್ತಿತ್ತು. ಆಮೇಲಿಂದ ಅವನು ಗೇಟು ದಾಟುವಾಗ ತಲೆಯೆತ್ತುವುದನ್ನೇ ಬಿಟ್ಟ.

ಮುಂದಿನ ಮಳೆಯ ದಿನ ಕೊಡೆ ಹಿಡಿದು ಬಂದ ಅವನ ಹಳೆಯ ಗಿರಾಕಿಯೊಬ್ಬ ಗೇಟಿನಲ್ಲೇ ನಿಂತು, ಮಟ್ಟಸನ ಮನೆಗೇ ಈ ಸೊಟ್ಟ ತೊಟ್ಟಿ ಯಾರು ಆರಿಸಿದ್ದು ಮಾರಾಯ ಎಂದು ನಕ್ಕ. ಗಂಡ ಬಾಯಿ ತೆರೆಯುವ ಮೊದಲೇ ಕಿಟಕಿಯಿಂದ ಉತ್ತರ ಬಂತು.

"ನಾನು. ನಗೋದು ಆಮೇಲಿರ್ಲಿ, ಮೊದಲು ಒಳಗೆ ಬಂದು ಈ ಗೋಡೆ ಮುಟ್ಟಿ ನೋಡಿ."