ಚಮಚ ಇಲ್ಲದ ಮನೆ

ಆ ವರ್ಷ ನಮ್ಮ ಮನೆಯಲ್ಲಿ ಉಪ್ಪಿಟ್ಟನ್ನೂ ಕೈಯಲ್ಲೇ ತಿನ್ನುತ್ತಿದ್ದೆವು. ಬಂದ ನೆಂಟರಿಗೂ ಹಾಗೇ ಕೊಡುತ್ತಿದ್ದೆ. ಬನಶಂಕರಿ ಎರಡನೇ ಸ್ಟೇಜಿನಲ್ಲಿ ಸ್ವಂತ ಮನೆ ಕಟ್ಟಿಸಿದವರಿಗೆ ಒಂದು ಚಮಚಕ್ಕೆ ಗತಿಯಿಲ್ಲವೇ ಎಂದು ಅವರು ಅಂದುಕೊಂಡಿದ್ದರೆ ಅಂದುಕೊಂಡಿರಲಿ. ಚಮಚ ಕಂಡರೆ ನನ್ನ ಮಗಳು ದಾಕ್ಷಾಯಿಣಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಗೋಡೆಗೆ ಒತ್ತಿಕೊಳ್ಳುತ್ತಿದ್ದಳು. ಅದಕ್ಕೆ ಕಾರಣ ಅವಳ ಮುರಿದ ಹಲ್ಲು. ಹಲ್ಲು ಮುರಿಯಲು ಕಾರಣ ನನ್ನ ಅತ್ತೆ ನೀಲಗಂಗಮ್ಮ.

ದಾಕ್ಷಿಗೆ ಫಿಟ್ಸ್. ಕೂಸಾಗಿದ್ದಾಗ ಜ್ವರದ ಜೊತೆ ಬಂದದ್ದು, ಜ್ವರ ಬಿಟ್ಟರೂ ಬಿಡಲಿಲ್ಲ. ಮನೆಯಲ್ಲಿ ಅದರ ಹೆಸರು ಹೇಳುವಂತಿರಲಿಲ್ಲ. "ಬಂತು" ಅಂದರೆ ಸಾಕಿತ್ತು. ಬೀದಿಯಲ್ಲಿ ಯಾರೋ ಯಾರಿಗೋ ಬಸ್ಸು ಬಂತು ಅಂದರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಎಂಟು ವರ್ಷದ ಹುಡುಗಿಗೆ ಸ್ನಾನದ ಮನೆಯ ಚಿಲಕ ಹಾಕಿಕೊಳ್ಳಲು ಬಿಡುತ್ತಿರಲಿಲ್ಲ, ಸ್ಟೌವ್ ಹತ್ತಿರ ಸುಳಿಯಲು ಬಿಡುತ್ತಿರಲಿಲ್ಲ. ರಾತ್ರಿ ಅವಳ ಲಂಗದ ಅಂಚನ್ನು ಮುಷ್ಟಿಯಲ್ಲಿ ಹಿಡಿದೇ ಮಲಗುತ್ತಿದ್ದೆ. ಅದನ್ನು ನಿದ್ದೆ ಎನ್ನುವುದಾದರೆ ಕಾವಲುಗಾರರೂ ನಿದ್ದೆ ಮಾಡುತ್ತಾರೆ ಅನ್ನಬೇಕು.

ಬಂತು ಅಂದಾಗ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ನನ್ನ ಗಂಡ ಮರುಳಸಿದ್ದಪ್ಪ ಅಂಗಿ ಹುಡುಕುತ್ತಿದ್ದರು. ಆಟೋ ತರಲು ಹೋಗಬೇಕಲ್ಲ, ಬನಿಯನ್ನಿನಲ್ಲಿ ಹೋಗಲಾದೀತೇ? ಅಂಗಿ ಸಿಕ್ಕಿ, ಗುಂಡಿ ಹಾಕಿ ಮುಗಿಸುವ ಹೊತ್ತಿಗೆ ಮಗು ಸುಸ್ತಾಗಿ ಮಲಗಿರುತ್ತಿತ್ತು. ಅತ್ತೆಯದು ಇನ್ನೊಂದು ಬಗೆ. ಒಂದು ಕೈಯಲ್ಲಿ ಜಜ್ಜಿದ ಈರುಳ್ಳಿ, ಇನ್ನೊಂದರಲ್ಲಿ ಕಬ್ಬಿಣದ ಬೀಗದ ಕೈ, ಬಾಯಲ್ಲಿ ಶಿವನ ನಾಮ. ಈರುಳ್ಳಿ ಮೂಗಿಗೆ, ಕಬ್ಬಿಣ ಅಂಗೈಗೆ. ಅವರ ಅತ್ತೆ ಹಾಗೇ ಮಾಡುತ್ತಿದ್ದರಂತೆ. ಬೇಗೂರಿನ ನಾಗೇಶ್ವರನಿಗೆ ಹರಕೆ ಹೊತ್ತು ಮಗುವನ್ನು ಕರೆದುಕೊಂಡು ಹೋಗಿದ್ದೂ ಆಗಿತ್ತು. ನಾನು ಬೇಡ ಅಂದಿರಲಿಲ್ಲ. ದೇವರು ಹಲ್ಲು ಮುರಿಯುವುದಿಲ್ಲವಲ್ಲ.

ಹಲ್ಲು ಮುರಿದದ್ದು ನಾನು ಸೀಮೆಎಣ್ಣೆಯ ಕ್ಯೂನಲ್ಲಿ ನಿಂತಿದ್ದಾಗ. ಡಬ್ಬ ಹಿಡಿದು ವಾಪಸು ಬಂದರೆ, ದಾಕ್ಷಿ ನಡುಮನೆಯ ನೆಲದ ಮೇಲೆ, ಅವಳ ಬಾಯಲ್ಲಿ ಸ್ಟೀಲಿನ ಚಮಚ, ಗಲ್ಲದ ಮೇಲೆಲ್ಲ ರಕ್ತ. ಹೊಸದಾಗಿ ಬಂದಿದ್ದ ಮುಂದಿನ ಹಲ್ಲು ಅರ್ಧಕ್ಕೆ ಹಾರಿಹೋಗಿತ್ತು. "ನಾಲ್ಗೆ ಕಚ್ಕೋತಾಳೆ ಅಂತ ಹಾಕ್ದೆ ಕಣೇ" ಎಂದರು ಅತ್ತೆ. ನನಗೆ ಕನಿಕರ ಬರಲಿಲ್ಲ. ಅವತ್ತೇ ಮನೆಯ ಚಮಚಗಳನ್ನೆಲ್ಲ, ಉಪ್ಪಿನಕಾಯಿ ಜಾಡಿಯ ಮರದ ಚಮಚವನ್ನೂ ಸೇರಿಸಿ, ಟ್ರಂಕಿಗೆ ತುಂಬಿ ಬೀಗ ಜಡಿದೆ. ಆ ಬೀಗದ ಕೈಯನ್ನು ನನ್ನ ಸರದ ಪಿನ್ನಿಗೆ ಸಿಕ್ಕಿಸಿಕೊಂಡೆ. ಸೌಟು ಮಾತ್ರ ಹೊರಗೆ ಬಿಟ್ಟೆ, ಅದು ಬಾಯೊಳಗೆ ತೂರುವುದಿಲ್ಲ.

ಅದಾದ ಮೇಲೆ ಹೊಸೂರು ರಸ್ತೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಗೆ ಹೋಗುತ್ತೇವೆಂದು ಬೀದಿಯಲ್ಲಿ ಯಾರಿಗೂ ಹೇಳಲಿಲ್ಲ. ತಲೆ ಕೆಟ್ಟವರಿಗೂ ಅಲ್ಲೇ ಔಷಧಿ, ಹೆಸರು ಕೇಳಿದರೆ ಜನ ಹುಚ್ಚು ಅಂದುಬಿಡುತ್ತಾರೆ. ಅಲ್ಲಿದ್ದ ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, ಒಂದು ದಿನವೂ ತಪ್ಪಿಸಬಾರದು ಅಂದರು. ಆಮೇಲೆ ದಾಕ್ಷಿಯನ್ನು ಬೆಂಚಿನ ಮೇಲೆ ಮಲಗಿಸಿ ತೋರಿಸಿದರು. ಪಕ್ಕಕ್ಕೆ ಹೊರಳಿಸಿ. ತಲೆಯ ಕೆಳಗೆ ಮೆತ್ತಗಿರೋದು ಏನಾದ್ರೂ ಇಡಿ. ತಗಲೋ ಸಾಮಾನು ದೂರ ಸರಿಸಿ. ಬಾಯಿಗೆ ಏನೂ ಹಾಕಬೇಡಿ, ನೀರು ಕೂಡ. ಕೈಕಾಲು ಅದುಮಿ ಹಿಡೀಬೇಡಿ. ಐದು ನಿಮಿಷಕ್ಕೂ ನಿಲ್ಲದಿದ್ರೆ, ಇಲ್ಲಾ ಮತ್ತೆ ಮತ್ತೆ ಬಂದ್ರೆ, ಇಲ್ಲಿಗೆ ಓಡಿಬನ್ನಿ.

"ಉಳಿದಂತೆ ಏನೂ ಮಾಡ್ಬೇಡಿ. ಜೊತೇಲಿರಿ, ಸಾಕು" ಎಂದರು.

ಮನೆಗೆ ಬಂದು ಹೇಳಿದರೆ ಅತ್ತೆ ಮೂಗು ಮುರಿದರು. "ಏನೂ ಮಾಡ್ಬೇಡಿ ಅನ್ನೋಕೆ ಅಷ್ಟು ಓದ್ಬೇಕಾ? ಏನೂ ಮಾಡ್ದೆ ಇರೋಕೆ ನಮ್ಮ ಮರುಳಸಿದ್ದನೇ ಸಾಕಲ್ಲ."

ಹೀಗೆ ಎಲ್ಲವೂ ನನ್ನ ಪಾಲಿಗೇ ಬಂತು. ನಾನಿದ್ದಾಗ ನಾನೇ ನೋಡಿಕೊಳ್ಳುತ್ತಿದ್ದೆ, ನಾನಿಲ್ಲದಿರುವುದೇ ಇರಲಿಲ್ಲ. ಮದುವೆ ಇಲ್ಲ, ಮುಂಜಿ ಇಲ್ಲ, ತವರಿನಲ್ಲಿ ಅಮ್ಮ ಎಂದೋ ಹೋಗಿದ್ದರಿಂದ ಆ ದಾರಿಯೂ ಇಲ್ಲ. ಬೇಸರವಾಗುತ್ತಿತ್ತು ಅಂದರೆ ಸುಳ್ಳಾಗುತ್ತದೆ. ಬೇಸರಪಟ್ಟುಕೊಳ್ಳಲೂ ಸ್ವಲ್ಪ ತ್ರಾಣ ಬೇಕು.

ಅಷ್ಟರಲ್ಲಿ ನನ್ನ ಹೊಟ್ಟೆಯೇ ತಕರಾರು ತೆಗೆಯಿತು. ಬಲಗಡೆ ಪಕ್ಕೆಲುಬಿನ ಕೆಳಗೆ ಹಿಂಡಿದಂಥ ನೋವು, ವಾಂತಿ. ಪಿತ್ತಕೋಶದಲ್ಲಿ ಕಲ್ಲು ಎಂದರು ಜಯನಗರದ ಡಾಕ್ಟರು. ಆಪರೇಷನ್ ಆಗಬೇಕು, ಹತ್ತು ಹನ್ನೆರಡು ದಿನ ಆಸ್ಪತ್ರೆಯಲ್ಲೇ ಇರಬೇಕು. ಯುಗಾದಿ ಕಳೆಯಲಿ ಅಂದೆ, ಸ್ಕೂಲಿಗೆ ರಜ ಬರಲಿ ಅಂದೆ. ಮೂರನೇ ಸಲ ಹೋದಾಗ ಡಾಕ್ಟರು ಪೆನ್ನು ಕೆಳಗಿಟ್ಟು, "ಒಳಗೇ ಒಡೆದು ಕೀವಾದ್ರೆ ಆ ಮಗೂನ ನೋಡ್ಕೊಳ್ಳೋಕೆ ನೀವೇ ಇರಲ್ಲಮ್ಮ" ಎಂದುಬಿಟ್ಟರು.

ಆಸ್ಪತ್ರೆಯ ಸುದ್ದಿ ಕೇಳಿದ ದಾಕ್ಷಿ ಕೇಳಿದ್ದು ಒಂದೇ. "ನೀನು ಹೋದ್ರೆ ಅಜ್ಜಿ ಚಮಚ ತರ್ತಾರಾ?"

"ಚಮಚ ಟ್ರಂಕಲ್ಲಿದೆ ಪುಟ್ಟ. ಬೀಗದ ಕೈ ನನ್ನ ಹತ್ರ ಇದೆ."

"ಪಕ್ಕದ ಮನೇಲಿ ಇರುತ್ತಲ್ಲಮ್ಮ."

ಊರಿನ ಚಮಚಗಳಿಗೆಲ್ಲ ಬೀಗ ಹಾಕಲಾಗುವುದಿಲ್ಲ. ಅತ್ತೆಯ ಕೈಗೆ ಪಾಠ ಹೇಳುವುದೊಂದೇ ದಾರಿ.

ಮಧ್ಯಾಹ್ನ ಊಟವಾದ ಮೇಲೆ ದಿಂಬನ್ನು ಮಗು ಮಾಡಿ ನಡುಮನೆಯಲ್ಲಿ ಮಲಗಿಸಿದೆ. ಅತ್ತೆ ಅದನ್ನು ಪಕ್ಕಕ್ಕೆ ಹೊರಳಿಸಿದರು, ಚೊಂಬನ್ನು ದೂರ ಸರಿಸಿದರು, ಎಲ್ಲ ಸರಿಯಾಗಿಯೇ ಮಾಡಿದರು. ಆಮೇಲೆ ಕೈ ಹುಡುಕಾಡತೊಡಗಿತು. ಸೆರಗಿಗೆ ಹೋಯಿತು, ಸೊಂಟಕ್ಕೆ ಹೋಯಿತು, ಕೊನೆಗೆ ದಿಂಬಿನ ಬಾಯಿ ಇರಬೇಕಾದ ಕಡೆಗೇ ಹೋಯಿತು.

"ಅತ್ತೆ, ಕೈ."

"ಗೊತ್ತು ಕಣೆ. ಅದು ಸುಮ್ನಿರಲ್ಲ. ಮಗು ಒದ್ದಾಡ್ತಿದ್ರೆ ಕೈ ಕಟ್ಕೊಂಡು ಕೂರೋದು ಹೆಂಗೆ?"

ದಿನವೂ ಇದೇ ಆಯಿತು. ಒಂದು ದಿನ ನನಗೆ ರೇಗಿಹೋಯಿತು. "ಪೂಜೆಗೆ ಕೂತಾಗ ಸುಮ್ನಿರುತ್ತಲ್ಲ ನಿಮ್ಮ ಕೈ? ಸೊಳ್ಳೆ ಕಚ್ಚಿದ್ರೂ ಅಲ್ಲಾಡಲ್ಲ. ಲಿಂಗಕ್ಕೊಂದು ನ್ಯಾಯ, ಮಗೂಗೊಂದು ನ್ಯಾಯವಾ?"

ನಮ್ಮಲ್ಲಿ ಇಷ್ಟಲಿಂಗದ ಪೂಜೆ. ಎಡ ಅಂಗೈ ಮೇಲೆ ಲಿಂಗವನ್ನಿಟ್ಟುಕೊಂಡು, ಕಣ್ಣು ಕದಲಿಸದೆ ಕೂರಬೇಕು. ಅತ್ತೆ ಅದರಲ್ಲಿ ಎತ್ತಿದ ಕೈ. ಹಾಲಿನವನು ಬಾಗಿಲು ಬಡಿದರೂ ತಿರುಗುವವರಲ್ಲ. ನನ್ನ ಮಾತು ಕೇಳಿ ಅವರು ದಿಂಬನ್ನು ಬಿಟ್ಟು ಎದ್ದು ಒಳಗೆ ಹೋದರು. ಸಿಟ್ಟಾದರು ಅಂದುಕೊಂಡೆ. ಸಂಜೆ ಅವರಾಗಿಯೇ ಬಂದು, "ಐದು ನಿಮಿಷ ಅಂದ್ರೆ ಎಷ್ಟೊತ್ತೇ? ನಂಗೆ ಗಡಿಯಾರ ನೋಡೋಕೆ ಬರಲ್ವಲ್ಲ" ಎಂದರು.

ಇಬ್ಬರೂ ಗಡಿಯಾರದ ಕೆಳಗೆ ಕೂತೆವು. ಅವರು ರುದ್ರಾಕ್ಷಿ ಮಾಲೆ ಹಿಡಿದು ಜಪ ಮಾಡಿದರು, ನಾನು ಮುಳ್ಳು ನೋಡಿದೆ. ಒಂದು ಸುತ್ತು ಮುಗಿಯುವ ಹೊತ್ತಿಗೆ ಐದು ನಿಮಿಷಕ್ಕೆ ಸ್ವಲ್ಪ ಕಡಿಮೆ. ಮಾಲೆ ಮುಗಿದರೂ ನಿಲ್ಲದಿದ್ದರೆ ಆಟೋ ಎಂದು ತೀರ್ಮಾನವಾಯಿತು. ಅಷ್ಟರ ಮಟ್ಟಿಗೆ ನೆಮ್ಮದಿ, ಅದಕ್ಕಿಂತ ಹೆಚ್ಚಿಲ್ಲ.

ಹೊರಡುವ ದಿನ ಬೆಳಿಗ್ಗೆ ಆಟೋ ಬಾಗಿಲಿಗೆ ಬಂದಿತ್ತು. ಅತ್ತೆ ನಡುಮನೆಯಲ್ಲಿ ಪೂಜೆಗೆ ಕೂತಿದ್ದರು. ದಾಕ್ಷಿ ಪಕ್ಕದ ಚಾಪೆಯ ಮೇಲೆ ಸ್ಲೇಟು ಹಿಡಿದಿದ್ದಳು. ನಾನು ಹೋಗಿಬರ್ತೀನಿ ಅಂದರೆ ತಲೆ ಎತ್ತಲಿಲ್ಲ. ನಾನು ಆಟೋದಲ್ಲಿ ಕೂತ ಮೇಲೆ ಎಕ್ಸ್‌ರೇ ಕವರು ಮರೆತದ್ದು ನೆನಪಾಗಿ ನನ್ನ ಗಂಡ ಒಳಗೆ ಹೋದರು. ಹೋದವರು ಕವರಿಲ್ಲದೆ ಬಾಗಿಲಿಗೆ ಬಂದರು.

"ಸರಸ್ವತಿ, ಬಂತು."

ಅವತ್ತು ಅಂಗಿ ಮೈಮೇಲೇ ಇತ್ತು. ಹುಡುಕಲು ಏನೂ ಇಲ್ಲದೆ ಗುಂಡಿಗಳನ್ನು ಸುಮ್ಮನೆ ಮುಟ್ಟಿಕೊಳ್ಳುತ್ತಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ಇಳಿದು ಹೊಸ್ತಿಲ ತನಕ ಬಂದೆ.

ದಾಕ್ಷಿ ಚಾಪೆಯಿಂದ ಅರ್ಧ ಹೊರಗೆ ಬಿದ್ದು ಅದುರುತ್ತಿದ್ದಳು. ಅತ್ತೆ ಮಣೆಯಿಂದ ಕೂತಲ್ಲೇ ಸರಿದು ಅವಳ ಹತ್ತಿರ ಬಂದಿದ್ದರು. ಎಡ ಅಂಗೈಯಲ್ಲಿ ಲಿಂಗ ಹಾಗೇ ಇತ್ತು. ಬಲಗೈಯಲ್ಲಿ ದೀಪವನ್ನು ಆಚೆಗೆ ನೂಕಿದರು, ಸ್ಲೇಟನ್ನು ನೂಕಿದರು. ಮಗುವಿನ ಭುಜ ಹಿಡಿದು ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ತಮ್ಮ ತೊಡೆ ಕೊಟ್ಟರು. ಆಮೇಲೆ ಮಾಲೆ ತೆಗೆದುಕೊಂಡರು.

ನನ್ನ ಕೈಗಳು ಆಗಲೇ ಮುಂದಕ್ಕೆ ಚಾಚಿದ್ದವು. ಹೊಸ್ತಿಲು ದಾಟಿದರೆ ಎರಡೇ ಹೆಜ್ಜೆ. ದಾಟಿದರೆ ಆಪರೇಷನ್ ಇವತ್ತಲ್ಲ, ಇನ್ನೆಂದೂ ಅಲ್ಲ ಎಂದು ನನಗೆ ಗೊತ್ತಿತ್ತು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತೆ. ಸುಮ್ಮನಿರುವುದು ಎಂಥ ಕೆಲಸವೆಂದು ಅವತ್ತು ತಿಳಿಯಿತು. ಇಷ್ಟು ದಿನ ಹೊರಳಿಸುವವಳೂ ಒರೆಸುವವಳೂ ನಾನೇ ಆಗಿದ್ದೆ. ಸುಮ್ಮನಿರಿ ಎಂದು ಅತ್ತೆಗೆ ಉಪದೇಶ ಮಾಡಿದ್ದೆನೇ ಹೊರತು ನಾನೇ ಸುಮ್ಮನೆ ನಿಂತು ನೋಡಿರಲಿಲ್ಲ.

ದಾಕ್ಷಿಯ ಬಾಯಲ್ಲಿ ನೊರೆ ಬಂತು. ಹಲ್ಲು ಕಟಕಟ ಅಂದಿತು. ಅತ್ತೆಯ ಬಲಗೈ ಮಾಲೆಯ ಸಮೇತ ಎದ್ದು ಮಗುವಿನ ಬಾಯಿಯ ಹತ್ತಿರ ಬಂದು ನಿಂತಿತು. ಕೈ ಅಲ್ಲೇ ಮುಷ್ಟಿ ಕಟ್ಟಿ, ವಾಪಸು ಬಂದು ಮಂಡಿಯ ಮೇಲೆ ಕೂತಿತು. ಬೆರಳು ಮತ್ತೆ ಮಣಿ ಎಣಿಸತೊಡಗಿತು. ಪೂಜೆಯ ಹೊತ್ತಿನಲ್ಲಿ ಲಿಂಗ ಬಿಟ್ಟು ಬೇರೆಲ್ಲೂ ಹೋಗದ ಅವರ ದೃಷ್ಟಿ ಮಗುವಿನ ಮುಖದ ಮೇಲಿತ್ತು, ಕದಲದೆ.

ಅದುರುವುದು ನಿಧಾನವಾಯಿತು, ನಿಂತಿತು. ದಾಕ್ಷಿ ಗೊರಗೊರ ಉಸಿರಾಡಿ ನಿದ್ದೆಗೆ ಜಾರಿದಳು. ಲಂಗ ಒದ್ದೆಯಾಗಿತ್ತು, ಅತ್ತೆಯ ಪೂಜೆಯ ಸೀರೆಯೂ. ಅವರು ಮಾಲೆ ನೋಡಿಕೊಂಡರು.

"ಇನ್ನೂ ಸುತ್ತು ಮುಗಿದಿಲ್ಲ. ಇವಳಿಗೆ ಆಸ್ಪತ್ರೆ ಬೇಡ. ನೀನು ಹೊರಡು."

ನನಗೆ ಅಳು ಬಂತು. ಅವರ ಮೇಲೆ ನನಗೆ ಇಷ್ಟು ಪ್ರೀತಿ ಬಂದದ್ದು ಅದೇ ಮೊದಲು, ಹೇಳಲು ಮಾತ್ರ ಬರಲಿಲ್ಲ. ಸರದ ಪಿನ್ನಿನಿಂದ ಬೀಗದ ಕೈ ಬಿಡಿಸಿ ಹೊಸ್ತಿಲಿನಿಂದಲೇ ಚಾಚಿದೆ. "ತಗೊಳ್ಳಿ ಅತ್ತೆ. ಇಟ್ಕೊಳ್ಳಿ."

ಅತ್ತೆ ಅದರ ಕಡೆ ನೋಡಿ ತಲೆಯಾಡಿಸಿದರು. "ತಗೊಂಡೇ ಹೋಗು. ಇವತ್ತೊಂದಿನ ನನ್ನ ಕೈ ಮಾತು ಕೇಳ್ತು. ನಾಳೇದು ನಂಗೇ ಗೊತ್ತಿಲ್ಲ."

ಬೀಗದ ಕೈಯನ್ನು ಮತ್ತೆ ಸಿಕ್ಕಿಸಿಕೊಂಡು ಆಟೋ ಹತ್ತಿದೆ. ಇವರು ಎಕ್ಸ್‌ರೇ ಕವರನ್ನು ಎದೆಗೆ ಒತ್ತಿಕೊಂಡು ಪಕ್ಕದಲ್ಲಿ ಕೂತರು. ಏನೋ ಹೇಳುತ್ತಿದ್ದರು, ಕೇಳಿಸಲಿಲ್ಲ. ಯಡಿಯೂರು ಕೆರೆ ದಾಟುವುದರೊಳಗೆ ನನಗೆ ನಿದ್ದೆ ಬಂದುಬಿಟ್ಟಿತ್ತು.