ಸದ್ದಿಲ್ಲದೆ ಮುಚ್ಚಿದ ಬಾಗಿಲು

"ಕಿಟಕಿ ಹತ್ರ ನಿನ್ನ ಸಂಪಾದಕ ನಿಂತಿದಾನೆ. ಅಳ್ತಾ ಇಲ್ಲ, ಗಡಿಯಾರ ನೋಡ್ಕೋತಿದಾನೆ," ಎಂದು ತಂಗಿ, ಹಜಾರದಲ್ಲಿ ಮಲಗಿಸಿದ್ದ ಅಣ್ಣನ ಕಿವಿಗೆ ಬಾಗಿ ಪಿಸುಗುಟ್ಟಿದಳು. ಕಿವಿ ತುಟಿಗೆ ತಣ್ಣಗೆ ತಗುಲಿತು. ತಟ್ಟನೆ ನೆಟ್ಟಗೆ ಕೂತಳು. ಅಣ್ಣ ತೀರಿಹೋಗಿ ಒಂದು ದಿನವಾಗಿತ್ತು. ನಾಲ್ಕು ವರ್ಷದಿಂದ ಪಳಗಿದ ನಾಲಿಗೆಗೆ ಅದಿನ್ನೂ ಗೊತ್ತಾಗಿರಲಿಲ್ಲ.

ಗೋಡೆಗೆ ಒರಗಿದ್ದ, ಅಣ್ಣನಂತೆಯೇ ಸಿನಿಮಾ ವಿಮರ್ಶಕರಾದ ಇಬ್ಬರು, ಗಡ್ಡದವನೂ ಬೋಳುತಲೆಯವನೂ, ತಗ್ಗಿದ ದನಿಯಲ್ಲಿ ಜಗಳವಾಡುತ್ತಿದ್ದರು.

"ಕೊನೇ ಲೇಖನದಲ್ಲಿ ಆ ಕತ್ತೆ ಸಿನಿಮಾಗೆ ನಾಲ್ಕು ನಕ್ಷತ್ರ ಕೊಟ್ಟಿದ್ದ ನೋಡು."

"ಹಿಮದಲ್ಲಿ ಮೂರು ಗಂಟೆ ಒಂದು ಕತ್ತೆ ನಿಂತಿರುತ್ತೆ. ಅದಕ್ಕೆ ನಾಲ್ಕಾ?"

"ನೀನು ಅರ್ಧಕ್ಕೇ ಎದ್ದು ಹೋದೆಯಲ್ಲ ಮಾರಾಯ."

"ಕತ್ತೆಯಂತೂ ಕದಲಲಿಲ್ಲ. ನಾನಾದ್ರೂ ಹೊರಡಬೇಡ್ವಾ?"

"ಮೆಲ್ಲಗೆ. ಸಬ್‌ಟೈಟಲ್‌ಗೆ ಕೇಳಿಸುತ್ತೆ."

ಸಬ್‌ಟೈಟಲ್ ಎಂದರೆ ತಂಗಿ. ತೆರೆಯ ಮೇಲಿನ ಅಕ್ಷರ ಓದಲೂ ಸೋಮಾರಿಯಾದವನು ತಂಗಿಯನ್ನು ಕರೆತರುತ್ತಾನೆಂದು ಅವರು ಇಟ್ಟ ಹೆಸರು. ಅಣ್ಣನಿಗೆ ಮಬ್ಬು ಬೆಳಕಿನ ಹೊರತು ಏನೂ ಕಾಣದೆಂಬುದು ಅಣ್ಣ ತಂಗಿ ಇಬ್ಬರಿಗಷ್ಟೇ ಗೊತ್ತಿತ್ತು. ಅವಳು ಕಂಡದ್ದನ್ನು ಕಿವಿಯಲ್ಲಿ ಹೇಳುತ್ತಿದ್ದಳು. ಅವನು ಅದನ್ನೇ ನೋಡಿದವನಂತೆ ಬರೆಯುತ್ತಿದ್ದ.

*

ಹೋದ ವರ್ಷದ ಒಂದು ಬೆಳಿಗ್ಗೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿಪಾಳಿ ಮುಗಿಸಿ ಅವಳು ನೇರ ಚಿತ್ರಮಂದಿರಕ್ಕೆ ಬಂದಿದ್ದಳು. ತೆರೆಯ ಮೇಲೆ, ತೆರೆದ ಬಾಗಿಲಿನೆದುರು ಒಬ್ಬ ಹೆಂಗಸು ಸಮುದ್ರಕ್ಕೆ ಹೋದ ಗಂಡನಿಗಾಗಿ ಕಾಯುತ್ತಿದ್ದಳು.

"ಕೂತಿದಾಳೆ... ಇನ್ನೂ ಕೂತಿದಾಳೆ..."

ಹೇಳುತ್ತ ಹೇಳುತ್ತಲೇ ನಿದ್ದೆ ಹತ್ತಿತು. ಎಚ್ಚರವಾದಾಗ ಹೆಸರುಗಳು ಮೇಲೇರುತ್ತಿದ್ದವು.

"ಕೊನೆಗೇನಾಯ್ತೇ?"

"ಎದ್ದು ಬಾಗಿಲು ಮುಚ್ಚಿಬಿಟ್ಟಳು."

"ಸದ್ದೇ ಕೇಳಲಿಲ್ಲ?"

"ಮೆಲ್ಲಗೆ ಮುಚ್ಚಿದಳು ಕಣೋ ಅಣ್ಣ."

ಆ ಭಾನುವಾರ ಪತ್ರಿಕೆಯಲ್ಲಿ ಹೀಗಿತ್ತು: 'ಸದ್ದಿಲ್ಲದೆ ಮುಚ್ಚುವ ಆ ಬಾಗಿಲಿನ ಹಿಂದೆ ನಿರ್ದೇಶಕಿಯೇ ಅಡಗಿಕೊಂಡಿದ್ದಾಳೆ. ಒಂದು ನಕ್ಷತ್ರ.' ಸಿನಿಮಾ ಮೂರೇ ದಿನಕ್ಕೆ ಎತ್ತಂಗಡಿಯಾಯಿತು.

*

ಹೂ ಹಿಡಿದು ಬಂದ ಯುವತಿಯೊಬ್ಬಳು ಅಣ್ಣನ ಕಾಲ ಬಳಿ ಅದನ್ನಿಟ್ಟು ತಂಗಿಯತ್ತ ತಿರುಗಿದಳು.

"ಆ ಬಾಗಿಲಿನ ಸಿನಿಮಾ ಮಾಡಿದವಳು ನಾನು. ಇವರಿಗೆ ಎರಡು ಕಾಗದ ಬರೆದೆ. ಉತ್ತರ ಬರಲಿಲ್ಲ."

ಅಣ್ಣನಿಗೆ ಕಾಗದ ಓದಿ ಹೇಳುತ್ತಿದ್ದವಳೂ ತಂಗಿಯೇ. ಆ ಎರಡನ್ನು ಓದಿರಲಿಲ್ಲ.

"ನನ್ನ ಸಿನಿಮಾದಲ್ಲಿ ಬಾಗಿಲು ಮುಚ್ಚೋದೇ ಇಲ್ಲ," ಎಂದಳು ನಿರ್ದೇಶಕಿ. "ಆಮೇಲೆ ಯಾರೂ ನನಗೆ ಕೆಲಸ ಕೊಡಲಿಲ್ಲ. ಜಗಳಕ್ಕೆ ಬಂದಿಲ್ಲ. ಅಂಥಾ ದೊಡ್ಡವರಿಗೆ ಮುಚ್ಚದ ಬಾಗಿಲು ಮುಚ್ಚಿದ್ದು ಹೇಗೆ ಕಾಣಿಸ್ತು? ಈಗೀಗ ನನಗೂ ಅದು ಮುಚ್ಚಿದ ಹಾಗೇ ಕಾಣುತ್ತೆ."

ತಂಗಿ ಅಣ್ಣನ ಮುಖ ನೋಡಿದಳು. ಬಾಯಿ ಬಿಟ್ಟರೆ ಅವನ ನಾಲ್ಕು ವರ್ಷದ ಬರಹವೆಲ್ಲ ನಗೆಪಾಟಲು.

"ಅವನಿಗೆ ಕಣ್ಣು ಕಾಣ್ತಿರಲಿಲ್ಲ. ನಾನು ಹೇಳಿದ್ದನ್ನ ಬರೀತಿದ್ದ. ಅವತ್ತು ನನಗೆ ನಿದ್ದೆ ಬಂದಿತ್ತು, ಕೊನೆ ಕಟ್ಟಿ ಹೇಳಿದೆ."

ಗೋಡೆಯ ಬಳಿಯ ಪಿಸುಮಾತು ನಿಂತಿತು. ಸಂಪಾದಕ ದಡಬಡನೆ ಬಂದ.

"ದುಃಖದಲ್ಲಿ ಏನೇನೋ ಅಂತಿದಾರೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಅವಳನ್ನು ಒಳಕೋಣೆಗೆ ಕರೆದೊಯ್ದ. "ನೋಡೀಮ್ಮಾ, ಹಾಗಿದ್ರೆ ಇಷ್ಟು ದಿನ ನಾವು ಮೆಚ್ಕೊಂಡ ಕಣ್ಣು ನಿಮ್ಮದೇ. ಆ ಅಂಕಣ ಇನ್ಮೇಲೆ ನಿಮ್ಮದು, ನಿಮ್ಮ ಹೆಸರಲ್ಲೇ. ಲಾಂಡ್ರಿ ಬಿಟ್ಟುಬಿಡಿ. ಈ ಮಾತು ಮಾತ್ರ ಮನೆಯೊಳಗೇ ಇರಲಿ."

"ತಪ್ಪಾಯ್ತು ಅಂತ ತಿದ್ದುಪಡಿ ಹಾಕ್ತೀರಾ?"

"ಹೋದವರಿಗೆ ಎಂಥಾ ತಿದ್ದುಪಡಿ?" ಅವನು ಜೇಬಿನಿಂದ ಗುರುವಾರದ ಹೊಸ ಸಿನಿಮಾದ ಆಹ್ವಾನಪತ್ರ ತೆಗೆದು ಮುಂದೆ ಹಿಡಿದ. ಅಣ್ಣನ ಹೆಸರು ಹೊಡೆದುಹಾಕಿ, ಮೇಲೆ ಬೇರೆ ಹೆಸರಿಗೆ ಖಾಲಿ ಜಾಗ ಬಿಟ್ಟಿದ್ದ. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಬೇಡ."